ಸೈಕಲ್ ರ‍್ಯಾಕ್ ಕೊಳ್ಳುವ ಮೊದಲು ಕಾರನ್ನು ನೋಡಿ

ಸಂಪಾದಕರಿಗೆ,

ಮಾನ್ಯರೇ,

ಭಾನುವಾರ ಬೆಳಗಿನ ಜಾವ ಬೆಂಗಳೂರಿನಿಂದ ದೇವನಹಳ್ಳಿಯತ್ತ ಹೊರಡುವ ಕಾರುಗಳಲ್ಲಿ ಹಲವು ಈಗ ನೆತ್ತಿಯ ಮೇಲೋ ಬೆನ್ನಿಗೋ ಸೈಕಲ್ ಕಟ್ಟಿಕೊಂಡೇ ಓಡುತ್ತವೆ. ನಂದಿ ಬೆಟ್ಟದ ಏರನ್ನೋ ಅವಲಬೆಟ್ಟದ ಸುತ್ತಲಿನ ಹಳ್ಳಿ ರಸ್ತೆಗಳನ್ನೋ ಇಷ್ಟಪಟ್ಟು ತುಳಿಯುವವರಿಗೂ ಹೆಬ್ಬಾಳದಿಂದ ವಿಮಾನ ನಿಲ್ದಾಣದವರೆಗಿನ ವಾಹನ ದಟ್ಟಣೆಯ ನಡುವೆ ಸೈಕಲ್ ಓಡಿಸುವ ಧೈರ್ಯ ಬರುವುದಿಲ್ಲ. ಆ ಅಂಜಿಕೆಯನ್ನು ತಪ್ಪೆನ್ನಲಾಗದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಂತೂ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳ ಜೊತೆಗೆ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಹೀಗಾಗಿ ಸೈಕಲನ್ನು ಕಾರಿನಲ್ಲಿ ಊರಾಚೆಗೆ ಒಯ್ದು ಅಲ್ಲಿಂದ ತುಳಿಯುವುದು ಈಗ ಬರೀ ಶೋಕಿಯ ಮಾತಲ್ಲ. ಆದರೆ ಒಯ್ಯುವ ಸಾಧನವಾದ ರ‍್ಯಾಕನ್ನು ಕೊಳ್ಳುವಾಗ ಜನ ತೋರುವ ಅವಸರ, ಅದರ ಸುತ್ತ ಕಾನೂನಿನಲ್ಲಿ ಉಳಿದಿರುವ ಗೊಂದಲ, ಇವೆರಡನ್ನೂ ಕಂಡು ಈ ಪತ್ರ ಬರೆಯುತ್ತಿದ್ದೇನೆ. ಮೆಕ್ಯಾನಿಕಲ್ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಬಹುಕಾಲ ಪಾಠ ಹೇಳಿ ನಿವೃತ್ತನಾದವನು ನಾನು. ನಮ್ಮೂರಿನ ಸೈಕಲ್ ಗೆಳೆಯರು ರ‍್ಯಾಕ್ ಕೊಳ್ಳುವಾಗ ನನ್ನನ್ನೂ ಅಂಗಡಿಗೆ ಕರೆದೊಯ್ಯುವುದು ರೂಢಿಯಾಗಿದೆ.

ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಸೈಕಲ್ ಸಾರ್?’ ಎಂಬುದು, ಎರಡನೆಯದು ‘ಬಜೆಟ್ ಎಷ್ಟು?’ ಎಂಬುದು. ಯಾವ ಕಾರು, ಯಾವ ವರ್ಷದ ಮಾಡೆಲ್, ಅದರ ಟಾಪ್ ಹೇಗಿದೆ, ಡಿಕ್ಕಿಯ ಬಾಗಿಲು ಲೋಹದ್ದೋ ಪ್ಲಾಸ್ಟಿಕ್ಕಿನದೋ ಎಂದು ವಿಚಾರಿಸಿದ ಅಂಗಡಿಯವರನ್ನು ನಾನು ಕಂಡದ್ದು ಕಡಿಮೆ. ಆನ್‌ಲೈನ್‌ನಲ್ಲಿ ಮಾರುವವರು ‘ಎಲ್ಲ ಕಾರುಗಳಿಗೂ ಹೊಂದುತ್ತದೆ’ ಎಂಬ ಒಂದೇ ಸಾಲಿನಲ್ಲಿ ಎಲ್ಲವನ್ನೂ ಮುಗಿಸಿಬಿಡುತ್ತಾರೆ. ವಾಸ್ತವದಲ್ಲಿ ಎಲ್ಲ ಕಾರುಗಳಿಗೂ ಸಮನಾಗಿ ಹೊಂದುವ ರ‍್ಯಾಕ್ ಎಂಬುದೊಂದಿಲ್ಲ. 1942ರಲ್ಲಿ ಸ್ವೀಡನ್ನಿನಲ್ಲಿ ಶುರುವಾದ ಥೂಲೆಯಂತಹ ಹಳೆಯ ಕಂಪನಿಯೂ ಟಾಪ್‌ಗೆ ಹಾಕುವ ಅಡ್ಡಪಟ್ಟಿ, ಅದರ ಕಾಲು ಮತ್ತು ಆ ಕಾಲನ್ನು ನಿರ್ದಿಷ್ಟ ಕಾರಿನ ಮೈಗೆ ಕೂರಿಸುವ ಹಿಡಿಕೆಯ ಕಿಟ್ ಎಂದು ಬಿಡಿಬಿಡಿಯಾಗಿ ಮಾರುತ್ತದೆ, ಮಾಡೆಲ್ ಬದಲಾದರೆ ಕಿಟ್ಟಿನ ಸಂಖ್ಯೆಯೂ ಬದಲಾಗುತ್ತದೆ. ನಮ್ಮ ದೇಶದಲ್ಲಷ್ಟೇ ಮಾರಾಟವಾಗುವ ಕೆಲವು ಕಾರುಗಳ ಹೆಸರು ಇಂತಹ ವಿದೇಶಿ ಪಟ್ಟಿಗಳಲ್ಲಿ ಸಿಗದಿರುವುದೂ ಉಂಟು. ಆಗ ‘ಇದೂ ಅದೇ ಸೈಜು’ ಎಂದು ಇನ್ನೊಂದು ಕಾರಿನ ಕಿಟ್ಟನ್ನು ಬಡಿದು ಕೂರಿಸುವವರಿದ್ದಾರೆ. ಅದಕ್ಕೆ ಒಪ್ಪಿಕೊಳ್ಳಬಾರದು.

ಅಂಬಾಸಿಡರ್, ಮಾರುತಿ ಓಮ್ನಿಗಳ ಕಾಲದಲ್ಲಿ ಈ ತಲೆನೋವು ಇರಲಿಲ್ಲ. ಆ ಕಾರುಗಳ ಟಾಪ್‌ನ ಎರಡೂ ಅಂಚಿನಲ್ಲಿ ಮಳೆನೀರು ಹರಿಯುವ ತಗಡಿನ ದೋಣಿ ಇರುತ್ತಿತ್ತು. ಮದುವೆಯ ಸಾಮಾನು ಹೇರುವ ಕಬ್ಬಿಣದ ಕ್ಯಾರಿಯರ್ ಅದನ್ನೇ ಕಚ್ಚಿಕೊಂಡು ಕೂರುತ್ತಿತ್ತು. ಈಗಿನ ಕಾರುಗಳಲ್ಲಿ ಆ ಅಂಚು ಮಾಯವಾಗಿದೆ. ಬದಲಿಗೆ ಕೆಲವಕ್ಕೆ ಟಾಪ್‌ನ ಉದ್ದಕ್ಕೂ ರೂಫ್ ರೈಲ್ ಎಂಬ ಕಂಬಿಗಳಿರುತ್ತವೆ, ಕೆಲವಕ್ಕೆ ಕಪ್ಪು ರಬ್ಬರ್ ಪಟ್ಟಿಯ ಕೆಳಗೆ ಮುಚ್ಚಿಟ್ಟ ಬೋಲ್ಟಿನ ತೂತುಗಳಿರುತ್ತವೆ, ಮತ್ತೆ ಕೆಲವಕ್ಕೆ ಎರಡೂ ಇಲ್ಲದೆ ಬಾಗಿಲಿನ ಚೌಕಟ್ಟನ್ನೇ ಹಿಡಿಕೆ ಕಚ್ಚಬೇಕಾಗುತ್ತದೆ. ಇವುಗಳಲ್ಲಿ ಮೋಸ ಅಡಗಿರುವುದು ಕಂಬಿಗಳಲ್ಲಿ. ನಮ್ಮಲ್ಲಿ ಮಾರಾಟವಾಗುವ ಎಷ್ಟೋ ಕಾರುಗಳ ರೂಫ್ ರೈಲುಗಳು ಅಂದಕ್ಕೆಂದು ಅಂಟಿಸಿದವು, ಭಾರ ಹೊರಲು ಮಾಡಿದವಲ್ಲ. ನೋಡುವುದಕ್ಕೆ ಬೆಳ್ಳಿಯ ಬಣ್ಣ, ಬೆರಳಿನಿಂದ ತಟ್ಟಿದರೆ ಪ್ಲಾಸ್ಟಿಕ್ ಸದ್ದು. ಕಾರಿನ ಮಾಲೀಕರ ಕೈಪಿಡಿಯಲ್ಲಿ ಇದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಆದರೆ ಆ ಕೈಪಿಡಿಯನ್ನು ಡ್ಯಾಶ್‌ಬೋರ್ಡ್ ಪೆಟ್ಟಿಗೆಯಿಂದ ಹೊರತೆಗೆದು ಓದುವವರು ಯಾರು? ಶೋರೂಮಿನ ಮಾರಾಟಗಾರನನ್ನು ಕೇಳಿದರೆ ‘ಆರಾಮಾಗಿ ಹಾಕಬಹುದು’ ಎನ್ನುತ್ತಾನೆ. ಅವನ ಬಾಯಿಮಾತನ್ನು ಬಿಟ್ಟು ಕೈಪಿಡಿಯ ಪುಟವನ್ನು ನಂಬುವುದು ಒಳ್ಳೆಯದು; ಅದರಲ್ಲಿ ಭಾರದ ಮಿತಿಯೇ ಕಾಣಿಸದಿದ್ದರೆ ಆ ಕಂಬಿಗಳನ್ನು ಅಲಂಕಾರವೆಂದೇ ಭಾವಿಸಬೇಕು.

ಭಾರದ ಮಿತಿಯ ಮಾತು ಬಂದದ್ದರಿಂದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸಾಮಾನ್ಯ ಕಾರುಗಳಲ್ಲಿ, ಓಡುವಾಗ ಟಾಪ್ ಮೇಲೆ ಇರಿಸಬಹುದಾದ ಭಾರ 50ರಿಂದ 75 ಕೆ.ಜಿ.ಯ ಆಸುಪಾಸಿನಲ್ಲಿರುತ್ತದೆ. ಈ ಮಿತಿ ಸೈಕಲ್‌ಗಳದ್ದಷ್ಟೇ ಅಲ್ಲ, ಅಡ್ಡಪಟ್ಟಿ ಮತ್ತು ರ‍್ಯಾಕುಗಳ ತೂಕವನ್ನೂ ಸೇರಿಸಿದ್ದು. ಮಿತಿ 50 ಕೆ.ಜಿ. ಇರುವ ಕಾರನ್ನೇ ತೆಗೆದುಕೊಳ್ಳೋಣ. ಅಡ್ಡಪಟ್ಟಿಗಳ ಜೋಡಿಗೆ 5 ಕೆ.ಜಿ., ಒಂದೊಂದು ರ‍್ಯಾಕಿಗೆ 4 ಕೆ.ಜಿ., ಗೇರಿನ ಸಾಧಾರಣ ಹೈಬ್ರಿಡ್ ಸೈಕಲ್‌ಗೆ 14 ಕೆ.ಜಿ. ಎಂದಿಟ್ಟುಕೊಂಡರೆ ಎರಡು ಸೈಕಲ್‌ಗಳಿಗೆ ಒಟ್ಟು 41 ಕೆ.ಜಿ. ಆಯಿತು, ಸರಿಯೇ. ಮೂರನೆಯದನ್ನು ಏರಿಸಿದೊಡನೆ ಲೆಕ್ಕ 59ಕ್ಕೆ ಹೋಗುತ್ತದೆ. ‘ಟಾಪ್ ಮೇಲೆ ಇನ್ನೂ ಜಾಗ ಇದೆಯಲ್ಲ’ ಎಂಬುದು ವಾದವಾಗುವುದಿಲ್ಲ. ನಿಂತ ಕಾರಿನ ನೆತ್ತಿಯ ಮೇಲೆ ಇಬ್ಬರು ಕುಳಿತರೂ ಅದು ತಡೆದುಕೊಳ್ಳಬಹುದು. ಓಡುವ ಕಾರಿನ ಕಥೆಯೇ ಬೇರೆ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ 40 ಕೆ.ಜಿ.ಯ ಹೊರೆ 30 ಕೆ.ಜಿ.ಯಷ್ಟು ಬಲದಿಂದ ಮುಂದಕ್ಕೆ ನೂಕುತ್ತದೆ, ಹಂಪ್ ಹಾರಿದಾಗ ಮೇಲಕ್ಕೆ ಕಿತ್ತು ಕೆಳಕ್ಕೆ ಬಡಿಯುತ್ತದೆ, ಲಾರಿಯೊಂದು ಪಕ್ಕದಲ್ಲಿ ರಭಸದಿಂದ ದಾಟಿದಾಗ ಅಡ್ಡಕ್ಕೆ ತಳ್ಳುತ್ತದೆ. ಈ ಮೂರೂ ದಿಕ್ಕಿನ ಎಳೆತವನ್ನು ತಡೆಯಬೇಕಾದದ್ದು ನಾಲ್ಕು ಪುಟ್ಟ ಹಿಡಿಕೆಗಳು. ಎರಡು ಅಡ್ಡಪಟ್ಟಿಗಳ ನಡುವಣ ಅಂತರ ತೀರಾ ಕಡಿಮೆಯಾದರೆ ಈ ಎಳೆತ ಇನ್ನಷ್ಟು ಹೆಚ್ಚುತ್ತದೆ. ಸುಮಾರು 70 ಸೆಂ.ಮೀ. ಅಂತರವಾದರೂ ಸಿಗಬೇಕು. ಸನ್‌ರೂಫ್ ಇರುವ ಕಾರುಗಳಲ್ಲಿ ಮುಂದಿನ ಪಟ್ಟಿ ಗಾಜಿನ ಮೇಲೆ ಹಾದುಹೋಗುವುದರಿಂದ, ಪಟ್ಟಿ ಕೂರಿಸಿದ ಮೇಲೆ ಮಕ್ಕಳು ಒಳಗಿನಿಂದ ಗುಂಡಿ ಒತ್ತಿ ಗಾಜನ್ನು ಎತ್ತದಂತೆಯೂ ಎಚ್ಚರ ವಹಿಸಬೇಕಾಗುತ್ತದೆ.

ಟಾಪ್ ರ‍್ಯಾಕಿನಲ್ಲೂ ಸೈಕಲನ್ನು ಎಲ್ಲಿ ಹಿಡಿಯುತ್ತದೆ ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ. ಫ್ರೇಮಿನ ಕೆಳಗಿನ ಕೊಳವೆಯನ್ನು ಇಕ್ಕಳದಂತೆ ಹಿಡಿಯುವ ಬಗೆ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿದೆ, ಉಕ್ಕು ಮತ್ತು ಅಲ್ಯೂಮಿನಿಯಂ ಫ್ರೇಮುಗಳಿಗೆ ಅದು ಚೆನ್ನಾಗಿಯೇ ಒಪ್ಪುತ್ತದೆ. ಕಾರ್ಬನ್ ಫ್ರೇಮಿನ ಸೈಕಲ್ ಇದ್ದವರು ಮಾತ್ರ ಅದರಿಂದ ದೂರವಿರಬೇಕು. ಲಕ್ಷಾಂತರ ರೂಪಾಯಿಯ ಆ ತೆಳುವಾದ ಕೊಳವೆ ಉದ್ದಕ್ಕೆ ಬೀಳುವ ಭಾರವನ್ನು ತಡೆಯುತ್ತದೆಯೇ ಹೊರತು ಅಕ್ಕಪಕ್ಕದಿಂದ ಅಮುಕುವ ಹಿಡಿತವನ್ನಲ್ಲ, ಒಳಗೊಳಗೇ ಬಿರುಕು ಬಿಟ್ಟರೆ ಹೊರಗೆ ಕಾಣಿಸುವುದೂ ಇಲ್ಲ. ಅಂಥವರಿಗೆ ಚಕ್ರಗಳನ್ನಷ್ಟೇ ಹಿಡಿಯುವ ರ‍್ಯಾಕ್ ಅಥವಾ ಮುಂದಿನ ಚಕ್ರವನ್ನು ಬಿಚ್ಚಿ ಅದನ್ನು ಹಿಡಿದಿರುವ ಕವಲು, ಅಂದರೆ ಫೋರ್ಕನ್ನು ಕಚ್ಚಿಸುವ ರ‍್ಯಾಕ್ ಸರಿ. ಫೋರ್ಕ್ ಕಚ್ಚುವ ರ‍್ಯಾಕ್ ಕೊಳ್ಳುವಾಗ ಸೈಕಲ್ಲಿನ ಮುಂದಿನ ಆಕ್ಸಲ್ ಲಿವರ್ ಮಡಚಿ ಸಡಿಲಿಸುವ ಹಳೆಯ ಕ್ವಿಕ್ ರಿಲೀಸ್‌ನದೋ ಫೋರ್ಕಿನ ತೂತುಗಳಲ್ಲಿ ತೂರಿ ಬಿಗಿಯುವ ದಪ್ಪ ಕಡ್ಡಿಯ ಹೊಸ ಥ್ರೂ ಆಕ್ಸಲ್ಲಿನದೋ ನೋಡಿಕೊಳ್ಳಬೇಕು. 12 ಮತ್ತು 15 ಮಿ.ಮೀ.ನ ಥ್ರೂ ಆಕ್ಸಲ್‌ಗಳಿಗೆ ಬೇರೆ ಅಡಾಪ್ಟರ್ ಬೇಕಾಗುತ್ತದೆ. ಡಿಸ್ಕ್ ಬ್ರೇಕಿನ ಸೈಕಲ್ಲಾದರೆ ಚಕ್ರ ತೆಗೆದ ಮೇಲೆ ಬ್ರೇಕ್ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ತುಂಡೊಂದನ್ನು ಸಿಕ್ಕಿಸಿಡಿ, ಇಲ್ಲದಿದ್ದರೆ ಯಾರಾದರೂ ಲಿವರ್ ಒತ್ತಿದಾಗ ಪ್ಯಾಡುಗಳು ಒಂದಕ್ಕೊಂದು ಅಂಟಿ ಬೆಟ್ಟದ ಬುಡದಲ್ಲಿ ಚಕ್ರ ಹಾಕಲಾಗದೆ ಪೇಚಾಡಬೇಕಾಗುತ್ತದೆ.

ಎತ್ತರದ ವಿಷಯಕ್ಕೆ ಬಂದರೆ, ಸ್ವಿಫ್ಟ್‌ನಂತಹ ಸಣ್ಣ ಕಾರು ಸುಮಾರು ಒಂದೂವರೆ ಮೀಟರ್ ಎತ್ತರವಿರುತ್ತದೆ. ನೆಟ್ಟಗೆ ನಿಲ್ಲಿಸಿದ ಸೈಕಲ್ ಅದಕ್ಕೆ ಇನ್ನೂ ಒಂದು ಮೀಟರಿಗಿಂತ ಹೆಚ್ಚು ಸೇರಿಸುತ್ತದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆ, ಮಾಲ್‌ಗಳ ಪಾರ್ಕಿಂಗು, ರೈಲ್ವೆ ಕೆಳಸೇತುವೆಗಳ ಮುಂದೆ ನಿಲ್ಲಿಸಿದ ಕಬ್ಬಿಣದ ಅಡ್ಡಗಂಬ, ಇವೆಲ್ಲ ಬರಿಯ ಕಾರಿಗೆ ಲೆಕ್ಕವೇ ಅಲ್ಲ, ಸೈಕಲ್ ಹೊತ್ತ ಕಾರಿಗೆ ಗಂಡಾಂತರ. ಹೋಗುವಾಗ ನೆನಪಿರುತ್ತದೆ, ದಣಿದು ಮನೆಗೆ ಮರಳುವಾಗ ನೆಲಮಾಳಿಗೆಯ ಇಳಿಜಾರಿನಲ್ಲಿ ಮರೆಯುತ್ತದೆ. ಸ್ಟಿಯರಿಂಗ್ ಪಕ್ಕದಲ್ಲಿ ತಮ್ಮ ಗಾಡಿಯ ಒಟ್ಟು ಎತ್ತರವನ್ನು ಬರೆದು ಅಂಟಿಸಿಕೊಳ್ಳುವ ಲಾರಿ ಚಾಲಕರ ಬುದ್ಧಿಯನ್ನು ನಾವೂ ಕಲಿಯಬಹುದು. ಕ್ರೆಟಾ, ಸ್ಕಾರ್ಪಿಯೊಗಳಂತಹ ಎತ್ತರದ ಕಾರುಗಳ ಮಾಲೀಕರು ಇನ್ನೊಂದನ್ನೂ ಯೋಚಿಸಬೇಕು: ಹದಿನಾಲ್ಕು ಕೆ.ಜಿ.ಯ ಸೈಕಲನ್ನು ತಲೆಯ ಮೇಲಕ್ಕೆತ್ತಿ ಟಾಪ್ ಮೇಲೆ ಕೂರಿಸುವುದು ಕುಳ್ಳಗಿರುವವರಿಗೆ, ಸೊಂಟನೋವಿನವರಿಗೆ, ನನ್ನಂತಹ ವಯಸ್ಸಾದವರಿಗೆ ಒಬ್ಬರಿಂದಾಗುವ ಕೆಲಸವಲ್ಲ. ಡೀಸೆಲ್, ಪೆಟ್ರೋಲಿನ ಖರ್ಚೂ ಏರುತ್ತದೆ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ 80 ಕಿ.ಮೀ. ವೇಗವನ್ನು 100ಕ್ಕೆ ಏರಿಸಿದರೆ ಪ್ರತಿರೋಧ ಒಂದೂವರೆ ಪಟ್ಟನ್ನೂ ಮೀರುತ್ತದೆ. ದೂಳು, ಮಳೆ ತಾಗದಿರಲೆಂದು ಕೆಲವರು ಸೈಕಲ್‌ಗೆ ಟಾರ್ಪಾಲು ಸುತ್ತುವುದನ್ನು ಕಂಡಿದ್ದೇನೆ; ಅದು ದೋಣಿಗೆ ಕಟ್ಟಿದ ಹಾಯಿಯಾಗಿ ಗಾಳಿಯನ್ನೆಲ್ಲ ಹಿಡಿದು ರ‍್ಯಾಕನ್ನೇ ಕೀಳುತ್ತದೆ. ಸೀಟಿಗೊಂದು ಪ್ಲಾಸ್ಟಿಕ್ ಚೀಲ ಕಟ್ಟಿದರೆ ಸಾಕು.

ಇಷ್ಟೆಲ್ಲ ರಗಳೆ ಬೇಡವೆಂದು ಬಹುಮಂದಿ ಡಿಕ್ಕಿಗೆ ಬೆಲ್ಟಿನಿಂದ ಬಿಗಿಯುವ ರ‍್ಯಾಕಿಗೆ ಮೊರೆ ಹೋಗುತ್ತಾರೆ. ಅಗ್ಗ, ಹಗುರ, ಮಡಚಿ ಅಟ್ಟದ ಮೇಲೆ ಎಸೆಯಬಹುದು, ಸೈಕಲನ್ನು ಸೊಂಟದ ಎತ್ತರಕ್ಕೆ ಎತ್ತಿದರೆ ಸಾಕು. ಈಚೆಗೆ ಚಿಕ್ಕಬಳ್ಳಾಪುರ ರಸ್ತೆಯ ಪೆಟ್ರೋಲ್ ಬಂಕ್ ಒಂದರಲ್ಲಿ ಅಂತಹ ಒಂದು ಕಾರನ್ನು ಹತ್ತಿರದಿಂದ ನೋಡಿದೆ. ಸಣ್ಣ ಹ್ಯಾಚ್‌ಬ್ಯಾಕ್ ಕಾರು, ಬೆನ್ನಿಗೆ ಮೂರು ಸೈಕಲ್. ಮೇಲಿನ ಬೆಲ್ಟುಗಳ ಕೊಕ್ಕೆಗಳನ್ನು ಡಿಕ್ಕಿ ಬಾಗಿಲಿನ ತಗಡಿನ ಅಂಚಿಗೆ ಸಿಕ್ಕಿಸುವ ಬದಲು ಬಾಗಿಲಿನ ಮೇಲ್ತುದಿಯಲ್ಲಿ ಚಾಚಿರುವ ಪ್ಲಾಸ್ಟಿಕ್ ರೆಕ್ಕೆ, ಅಂದರೆ ಸ್ಪಾಯ್ಲರಿನ ತುದಿಗೆ ಸಿಕ್ಕಿಸಿದ್ದರು. ಸ್ಪಾಯ್ಲರ್ ಒಂದು ಬದಿಯಲ್ಲಿ ಬಾಗಿ ಬಾಗಿಲಿನಿಂದ ಬೆರಳು ತೂರುವಷ್ಟು ಎದ್ದಿತ್ತು. ಕೆಳಗಿನ ಸ್ಪಂಜಿನ ದಿಂಬಿಗೂ ಬಣ್ಣಕ್ಕೂ ನಡುವೆ ಸೇರಿದ ಕೆಂಪು ದೂಳು, ಕಾರು ಕುಲುಕಿದ ಹಾಗೆಲ್ಲ ಉಜ್ಜಿ ಉಜ್ಜಿ ಅಂಗೈಯಗಲದ ಬಣ್ಣವನ್ನು ಮಂಕಾಗಿಸಿತ್ತು. ಬಿಗಿದ ಮೇಲೆ ಉಳಿದ ಬೆಲ್ಟಿನ ತುದಿಗಳನ್ನು ಗಂಟು ಹಾಕದೆ ಬಿಟ್ಟಿದ್ದರಿಂದ ಒಂದು ತುದಿ ಹಿಂದಿನ ಚಕ್ರದ ಹತ್ತಿರ ನೇತಾಡುತ್ತಿತ್ತು. ಕಡೆಯ ಸೈಕಲ್ಲಿನ ಟೈರು ಸೈಲೆನ್ಸರ್ ಕೊಳವೆಯ ಬಾಯಿಗೆ ನೇರವಾಗಿ ನಿಂತಿತ್ತು. ಅದರ ಪಕ್ಕದ ರಬ್ಬರು ಬಿಸಿಹೊಗೆಗೆ ಮೆದುವಾಗಿ ಹೊಳೆಯುತ್ತಿತ್ತು. ನಂಬರ್ ಪ್ಲೇಟ್, ಎಡಗಡೆಯ ಇಂಡಿಕೇಟರ್, ಹಿಂದಿನ ಕ್ಯಾಮೆರಾ, ಯಾವುದೂ ಕಾಣುತ್ತಿರಲಿಲ್ಲ. ಆ ಯುವಕರಿಗೆ ಹೇಳಿದೆ. ಪಾಪ, ಕೇಳಿ ಕೊಕ್ಕೆ ಬದಲಿಸಿಕೊಂಡರು. ಅವರು ಕೊಂಡ ಡಬ್ಬದ ಮೇಲೆ ಮೂರು ಸೈಕಲ್ ಹೊತ್ತ ಉದ್ದನೆಯ ವಿದೇಶಿ ಕಾರಿನ ಚಿತ್ರವಿತ್ತಂತೆ.

ಆದ್ದರಿಂದ ಬೆಲ್ಟ್ ರ‍್ಯಾಕ್ ಕೊಳ್ಳುವವರು ಮೊದಲು ಡಿಕ್ಕಿಯ ಬಾಗಿಲನ್ನು ತೆರೆದು ಅದರ ನಾಲ್ಕೂ ಅಂಚುಗಳನ್ನು ಕೈಯಿಂದ ಸವರಿ ನೋಡಬೇಕು. ಕೊಕ್ಕೆ ಕೂರುವ ಕಡೆಯಲ್ಲೆಲ್ಲ ತಗಡು ಇರಬೇಕು. ಗಾಜು, ಸ್ಪಾಯ್ಲರ್, ಪ್ಲಾಸ್ಟಿಕ್ ಬಂಪರ್ ಸಿಕ್ಕರೆ ಆ ಕಾರಿಗೆ ಈ ರ‍್ಯಾಕ್ ಬೇಡ. ನಾಲ್ಕು ಮೀಟರಿನೊಳಗಿನ ನಮ್ಮ ಪುಟ್ಟ ಸೆಡಾನ್‌ಗಳಲ್ಲಿ ಡಿಕ್ಕಿಯ ಮುಚ್ಚಳ ಗಿಡ್ಡವಾಗಿರುವುದರಿಂದ ರ‍್ಯಾಕಿನ ಕಾಲುಗಳಿಗೆ ನೆಲೆ ಸಿಗುವುದು ಕಷ್ಟ, ಮೇಲಿನ ಕಾಲು ಹಿಂದಿನ ಗಾಜಿನ ಮೇಲೆ ಹೋಗಿ ಕೂರುವುದೂ ಉಂಟು. ಸೈಕಲ್ ನೇತುಹಾಕುವ ಈ ಬಗೆಯ ರ‍್ಯಾಕುಗಳಿಗೆ ಮೇಲಿನ ಅಡ್ಡಕೊಳವೆ ಬೇಕೇ ಬೇಕು. ಹೆಣ್ಣುಮಕ್ಕಳ ಬಾಗಿದ ಫ್ರೇಮಿನ ಸೈಕಲ್, ಚಿಕ್ಕ ಮಕ್ಕಳ ಸೈಕಲ್‌ಗಳಿಗೆ ಸೀಟಿನ ಕೊಳವೆಯಿಂದ ಹ್ಯಾಂಡಲ್‌ಗೆ ಸಿಕ್ಕಿಸುವ ಬಿಡಿ ಕಂಬಿಯನ್ನು ಕೊಳ್ಳಬೇಕಾಗುತ್ತದೆ. ಬ್ಯಾಟರಿ ಸೈಕಲ್‌ಗಳನ್ನಂತೂ ಬೆಲ್ಟಿನ ಮೇಲೆ ನಂಬಿ ನೇತುಹಾಕಬಾರದು, ಅವುಗಳಲ್ಲಿ ಹಲವು 20 ಕೆ.ಜಿ. ದಾಟುತ್ತವೆ, ಒಯ್ಯಲೇಬೇಕಾದರೆ ಬ್ಯಾಟರಿ ಬಿಚ್ಚಿ ಕಾರಿನೊಳಗಿಡುವುದು ಲೇಸು.

ಬೆನ್ನ ಮೇಲಿನ ರ‍್ಯಾಕಿನ ನಿಜವಾದ ತೊಡಕು ಅಗಲದ್ದು. ಹಿಂದೆ ಅಡ್ಡಲಾಗಿ ತೂಗುವ ದೊಡ್ಡ ಚಕ್ರದ ಎಂಟಿಬಿ (ಮೌಂಟನ್ ಬೈಕ್) ಸೈಕಲ್ಲಿನ ಉದ್ದ 1.8 ಮೀಟರಿನ ಆಸುಪಾಸು. ಆಲ್ಟೊದ ಅಗಲ 1.49 ಮೀಟರ್, ವ್ಯಾಗನ್ ಆರ್ 1.62, ಸ್ವಿಫ್ಟ್ 1.735, ಕ್ರೆಟಾ 1.79. ಅಂದರೆ ಆಲ್ಟೊದ ಬೆನ್ನಿಗೆ ಕಟ್ಟಿದ ಸೈಕಲ್ ಎರಡೂ ಕಡೆ ಸೇರಿ ಒಂದು ಅಡಿ ಹೊರಗೆ ಚಾಚುತ್ತದೆ. ಪಕ್ಕದಲ್ಲಿ ನುಸುಳುವ ಬೈಕ್ ಸವಾರನ ಮೊಣಕಾಲಿಗೋ ಹ್ಯಾಂಡಲಿಗೋ ಅದು ತಗಲುವ ಎತ್ತರವೂ ಸರಿಯಾಗಿ ಅದೇ. ಮುಂದಿನ ಚಕ್ರ ಬಿಚ್ಚಿದರೆ ಸುಮಾರು ಒಂದು ಅಡಿಯಷ್ಟು ಉದ್ದ ತಗ್ಗುತ್ತದೆ. ಸಣ್ಣ ಕಾರಿನವರು ಬೇಸರಿಸದೆ ಈ ಕೆಲಸ ಮಾಡಲೇಬೇಕು.

ಇಲ್ಲಿಂದ ಮುಂದೆ ಪ್ರಶ್ನೆ ಕಾನೂನಿನದು. ಟ್ರಕ್ಕುಗಳಿಂದ ಹೊರಚಾಚಿದ ಕಬ್ಬಿಣದ ಸರಳುಗಳು ಹಿಂದಿನ ವಾಹನಗಳಿಗೆ ನುಗ್ಗಿ ಜೀವಹಾನಿಯಾಗುತ್ತಿದ್ದ ಕಾರಣ ಹಿಂದಕ್ಕೆ ಚಾಚುವ ಹೊರೆಗೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇದ್ದ ರಿಯಾಯಿತಿಯನ್ನು 2014ರಲ್ಲಿ ತೆಗೆದುಹಾಕಲಾಯಿತು. ಅದು ಆಗಲೇಬೇಕಾಗಿದ್ದ ಕೆಲಸ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಿಂದ ಸೇರಿದ 194(1ಎ) ಕಲಮಿನ ಪ್ರಕಾರ ಹೊರೆಯು ವಾಹನದ ಮೈಯಿಂದ ಪಕ್ಕಕ್ಕೋ, ಮುಂದಕ್ಕೋ, ಹಿಂದಕ್ಕೋ, ಮಿತಿ ಮೀರಿ ಎತ್ತರಕ್ಕೋ ಚಾಚಿದರೆ ಕಾಯ್ದೆಯಲ್ಲಿ ನಮೂದಾಗಿರುವ ದಂಡ 20,000 ರೂಪಾಯಿ. ಸರಳು ಹೇರಿದ ಲಾರಿಯನ್ನು ಕಣ್ಣಮುಂದಿಟ್ಟುಕೊಂಡು ಬರೆದ ಈ ವಾಕ್ಯವನ್ನು ಅಕ್ಷರಶಃ ಓದಿದರೆ ಡಿಕ್ಕಿಯ ಹಿಂದೆ ತೂಗುವ ಒಂದೇ ಒಂದು ಸೈಕಲ್ಲೂ ಅದರೊಳಗೆ ಬೀಳುತ್ತದೆ. ಇನ್ನು ಅದೇ ಕಾಯ್ದೆಯ 52ನೇ ಕಲಮು ವಾಹನದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ಕಲಮಿನ ವಿವರಣೆಯಲ್ಲಿ ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವೇ ಬದಲಾಗುವಂತಹ ರಚನೆಯ ಬದಲಾವಣೆ ಎಂದಿದೆ. ಐದು ನಿಮಿಷದಲ್ಲಿ ಬಿಚ್ಚಿ ಮನೆಯಲ್ಲಿಡಬಹುದಾದ ಅಡ್ಡಪಟ್ಟಿ ಈ ಅರ್ಥಕ್ಕೆ ಸೇರುವುದಿಲ್ಲವೆಂದೇ ನನ್ನ ತಿಳಿವಳಿಕೆ. ಚಾಸಿಗೆ ಬೆಸುಗೆ ಹಾಕಿದ, ಹಿಂದೆ ಟ್ರೇಲರ್ ಎಳೆಯುವ ಟೋ ಕೊಕ್ಕೆಯ ಬಗ್ಗೆ ಹಾಗೆ ಧೈರ್ಯವಾಗಿ ಹೇಳಲಾಗದು. ಯೂರೋಪು, ಅಮೆರಿಕಗಳಲ್ಲಿ ಬಹುಜನ ಮೆಚ್ಚುವುದು ಟೋ ಕೊಕ್ಕೆಗೆ ಸಿಕ್ಕಿಸುವ ರ‍್ಯಾಕನ್ನೇ, ಎಂಜಿನಿಯರಿಂಗ್ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯದಿಲ್ಲ ಎಂಬುದನ್ನೂ ಒಪ್ಪುತ್ತೇನೆ. ಆದರೆ ಕಾರ್ಖಾನೆಯಿಂದಲೇ ಅಂತಹ ಕೊಕ್ಕೆ ಬಾರದ ಕಾರಿಗೆ ಗ್ಯಾರೇಜಿನಲ್ಲಿ ಅದನ್ನು ಕೂರಿಸಿಕೊಳ್ಳುವವರು ತನಿಖೆಯವರಿಗೂ ವಿಮೆಯವರಿಗೂ ಉತ್ತರ ಕೊಡಲು ಸಿದ್ಧರಿರಬೇಕಾಗುತ್ತದೆ.

ನಂಬರ್ ಪ್ಲೇಟಿನ ಸಮಸ್ಯೆ ಇದಕ್ಕಿಂತ ಜಟಿಲ. ಬ್ರಿಟನ್ನಿನಲ್ಲಿ ರ‍್ಯಾಕ್ ಪ್ಲೇಟನ್ನು ಮರೆಮಾಡಿದರೆ 1,000 ಪೌಂಡ್‌ವರೆಗೆ ದಂಡವಿದೆ, ಜೊತೆಗೆ ರ‍್ಯಾಕಿನ ಮೇಲೆ ದೀಪದ ಹಲಗೆಯೊಂದಿಗೆ ಇನ್ನೊಂದು ಪ್ಲೇಟ್ ಹಾಕಿಕೊಳ್ಳುವ ದಾರಿಯೂ ಇದೆ. ಜರ್ಮನಿಯಲ್ಲಿ ಸರ್ಕಾರಿ ಮುದ್ರೆಯಿಲ್ಲದ ಮರುಪ್ಲೇಟನ್ನು ರ‍್ಯಾಕಿಗೆ ಹಾಕಲು ಅನುಮತಿಯಿದೆ. ನಮ್ಮಲ್ಲಿ 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ ಪ್ಲೇಟ್) ಕಡ್ಡಾಯ ಮಾಡಲಾಗಿದೆ. ಲೇಸರಿನಲ್ಲಿ ಕೊರೆದ ಸಂಖ್ಯೆ, ಹಾಲೊಗ್ರಾಮ್, ಬಿಚ್ಚಲಾಗದ ಲಾಕ್ ಇರುವ ಆ ಪ್ಲೇಟ್ ಒಂದು ವಾಹನಕ್ಕೆ ಮುಂದೊಂದು, ಹಿಂದೊಂದು ಮಾತ್ರ. ನಕಲನ್ನು ತಡೆಯಲೆಂದೇ ಹುಟ್ಟಿದ ವ್ಯವಸ್ಥೆಯಲ್ಲಿ ರ‍್ಯಾಕಿಗಾಗಿ ಇನ್ನೊಂದು ಪ್ಲೇಟನ್ನು ಪ್ರಾಮಾಣಿಕ ನಾಗರಿಕ ಎಲ್ಲಿಂದ ತರಬೇಕು? ಹಲಗೆಯ ಮೇಲೆ ಸ್ಟಿಕ್ಕರ್ ಹಚ್ಚಿಸಿಕೊಂಡು ಓಡಾಡುವವರನ್ನು ಕ್ಯಾಮೆರಾ ಗುರುತಿಸಿದರೂ ರಸ್ತೆಯಲ್ಲಿ ನಿಂತ ಪೊಲೀಸರು ಒಪ್ಪಬೇಕೆಂದೇನಿಲ್ಲ. ಈ ಒಂದೇ ಕಾರಣಕ್ಕೆ, ಇಂದಿನ ಸ್ಥಿತಿಯಲ್ಲಿ ಕರ್ನಾಟಕದ ರಸ್ತೆಗಳಿಗೆ ಟಾಪ್ ಮೇಲಿನ ರ‍್ಯಾಕೇ ಮೇಲು ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಎತ್ತುವ ಕಷ್ಟ, ಗಾಳಿಯ ಖರ್ಚು ಇದ್ದರೂ ಪ್ಲೇಟು, ದೀಪ, ಕ್ಯಾಮೆರಾ ಎಲ್ಲವೂ ತೆರೆದಿರುತ್ತವೆ. ಹಿಂದಿನಿಂದ ಯಾರಾದರೂ ಗುದ್ದಿದರೆ ಮೊದಲು ನಜ್ಜುಗುಜ್ಜಾಗುವುದು ಸೈಕಲ್ ಆಗಿರುವುದಿಲ್ಲ.

ಥಾರ್, ಜಿಮ್ನಿ, ಬೊಲೆರೊಗಳಂತೆ ಸ್ಟೆಪ್ನಿಯನ್ನು ಹಿಂಬಾಗಿಲಿಗೆ ಹೊತ್ತಿರುವ ಗಾಡಿಗಳ ಮಾಲೀಕರಿಗೆ ಸ್ಟೆಪ್ನಿಗೇ ಬಿಗಿಯುವ ರ‍್ಯಾಕುಗಳಿವೆ. ಬಣ್ಣಕ್ಕೆ ತಾಗುವುದಿಲ್ಲ, ಕೊಕ್ಕೆಯ ರಗಳೆಯಿಲ್ಲ. ಆದರೆ ಪಕ್ಕಕ್ಕೆ ತೆರೆಯುವ ಆ ಬಾಗಿಲಿನ ಕೀಲುಗಳು ಈಗಾಗಲೇ ಸ್ಟೆಪ್ನಿಯ ಭಾರವನ್ನು ಹೊತ್ತಿವೆ, ಮೇಲೆ ಎರಡು ಸೈಕಲ್ ಸೇರಿದರೆ ಕಚ್ಚಾ ರಸ್ತೆಯಲ್ಲಿ ಬಾಗಿಲು ಜೋಲುವುದು ನಿಶ್ಚಿತ. ಒಂದು ಸೈಕಲ್‌ಗೆ ನಿಲ್ಲಿಸುವುದು ವಾಸಿ. ಗಾಜಿಗೂ ಟಾಪಿಗೂ ರಬ್ಬರ್ ಬಟ್ಟಲಿನಿಂದ ಅಂಟುವ ರ‍್ಯಾಕುಗಳೂ ಬಂದಿವೆ. ತೊಳೆದು ಒರೆಸಿದ ನುಣ್ಣನೆಯ ಮೈಗೆ ಅವು ಗಟ್ಟಿಯಾಗಿಯೇ ಕಚ್ಚುತ್ತವೆ, ಆದರೆ ನಮ್ಮ ದೂಳು ಮತ್ತು ಬಿಸಿಲಿನಲ್ಲಿ ಪ್ರತಿ ನಿಲುಗಡೆಯಲ್ಲೂ ಗಾಳಿಯ ಹಿಡಿತವನ್ನು ಪರೀಕ್ಷಿಸುವ ತಾಳ್ಮೆ ಇದ್ದವರಿಗೆ ಮಾತ್ರ.

ಯಾವ ರ‍್ಯಾಕೇ ಆಗಲಿ, ಸೈಕಲ್ ಬಿಗಿದ ಮೇಲೆ ಸೈಕಲ್ಲನ್ನೇ ಹಿಡಿದು ಜೋರಾಗಿ ಅಲುಗಾಡಿಸಬೇಕು. ಕಾರು ಸ್ಪ್ರಿಂಗುಗಳ ಮೇಲೆ ತೂಗಿದರೆ ಸರಿ. ಕಾರು ಸುಮ್ಮನಿದ್ದು ಸೈಕಲ್ ಮಾತ್ರ ಆಡಿದರೆ ಬಿಚ್ಚಿ ಮತ್ತೆ ಬಿಗಿಯಬೇಕು. ಹೊರಟು ಐದಾರು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಎಲ್ಲ ತಿರುಪು, ಬೆಲ್ಟುಗಳನ್ನು ಮುಟ್ಟಿ ನೋಡುವುದನ್ನು ಬಿಡಬಾರದು, ಹೊಸ ಬೆಲ್ಟು ಮೊದಲ ಕುಲುಕಾಟದಲ್ಲೇ ಸಡಿಲುತ್ತದೆ. ಚಾರ್ಮಾಡಿ, ಆಗುಂಬೆಗಳ ತಿರುವುಗಳಿಗೆ ಹೋಗುವವರು ಘಟ್ಟ ಇಳಿಯುವ ಮುನ್ನ ಇನ್ನೊಮ್ಮೆ.

ರ‍್ಯಾಕನ್ನೇ ಕೊಳ್ಳದಿರುವುದೂ ಒಂದು ಆಯ್ಕೆ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ, ನಾನು ಹೇಳುತ್ತೇನೆ. ತಿಂಗಳಿಗೊಮ್ಮೆ ಒಂದೇ ಸೈಕಲ್ ಒಯ್ಯುವವರು ಹಿಂದಿನ ಸೀಟು ಮಡಚಿ, ಮುಂದಿನ ಚಕ್ರ ಬಿಚ್ಚಿ, ಚೈನಿನ ಕಡೆಯನ್ನು ಮೇಲೆ ಮಾಡಿ ಹಳೆಯ ಬೆಡ್‌ಶೀಟಿನ ಮೇಲೆ ಮಲಗಿಸಿದರೆ ಸಣ್ಣ ಹ್ಯಾಚ್‌ಬ್ಯಾಕ್‌ನಲ್ಲೂ ಅದು ಹಿಡಿಸುತ್ತದೆ; ಮಳೆ, ಕಳ್ಳರು, ಕಾನೂನು ಯಾವುದರ ಚಿಂತೆಯೂ ಇಲ್ಲ. ಕುಟುಂಬದ ನಾಲ್ವರೂ ನಾಲ್ಕು ಸೈಕಲ್‌ಗಳೂ ಒಂದೇ ಕಾರಿನಲ್ಲಿ ಹೋಗಬೇಕೆಂಬವರಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ, ಅವರು ಬೆಟ್ಟದ ಬುಡದಲ್ಲೇ ಬಾಡಿಗೆ ಸೈಕಲ್ ಹುಡುಕುವುದು ಒಳ್ಳೆಯದು.

ಕಾರು ತಯಾರಕರು ಟಾಪ್‌ನ ಭಾರದ ಮಿತಿಯನ್ನೂ, ಕಂಬಿಗಳು ಭಾರ ಹೊರುವವೋ ಅಲಂಕಾರದವೋ ಎಂಬುದನ್ನೂ ಟೈರಿನ ಗಾಳಿಯ ಒತ್ತಡವನ್ನು ಬರೆಯುವಂತೆ ಬಾಗಿಲಿನ ಚೌಕಟ್ಟಿನ ಮೇಲೆ ಕನ್ನಡದಲ್ಲೂ ಅಚ್ಚು ಹಾಕಿ ಅಂಟಿಸಲಿ. ಅದಕ್ಕೆ ತಗಲುವ ಖರ್ಚು ಒಂದು ಸ್ಟಿಕ್ಕರಿನದು. ರಾಜ್ಯ ಸಾರಿಗೆ ಇಲಾಖೆಗೆ ನನ್ನ ಬೇಡಿಕೆ ಇದಕ್ಕಿಂತ ದೊಡ್ಡದೇನಲ್ಲ: ಬಿಚ್ಚಿ ತೆಗೆಯಬಹುದಾದ ಸೈಕಲ್ ರ‍್ಯಾಕು 52ನೇ ಕಲಮಿನ ಮಾರ್ಪಾಡಿನೊಳಗೆ ಬರುತ್ತದೆಯೋ ಇಲ್ಲವೋ, ಹಿಂದೆ ತೂಗುವ ಸೈಕಲ್ ಎಷ್ಟು ಚಾಚಬಹುದು, ಮರೆಯಾಗುವ ಪ್ಲೇಟಿಗೆ ಬದಲಾಗಿ ಎಚ್‌ಎಸ್‌ಆರ್‌ಪಿ ಕೊಡುವ ಸಂಸ್ಥೆಯಿಂದಲೇ ಅಧಿಕೃತವಾಗಿ ಇನ್ನೊಂದು ಪ್ಲೇಟ್ ಪಡೆಯುವ ದಾರಿ ಮಾಡಿಕೊಡಲಾಗುವುದೇ ಎಂಬುದನ್ನು ಒಂದು ಸುತ್ತೋಲೆಯಲ್ಲಿ ಬರೆದು ಆರ್‌ಟಿಒ ಕಚೇರಿಗಳಿಗೂ ಸಂಚಾರ ಠಾಣೆಗಳಿಗೂ ಕಳುಹಿಸಲಿ. ಭಾನುವಾರದ ಬೆಂಗಳೂರಿನ ಸವಾರರಿಗಷ್ಟೇ ಇದರಿಂದ ಉಪಯೋಗ ಎಂದುಕೊಳ್ಳುವುದು ಬೇಡ. ಸೈಕ್ಲಿಂಗ್‌ಗೆ ಹೆಸರಾದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗ ಹುಡುಗಿಯರು ಸ್ಪರ್ಧೆಗಳಿಗೆ ಹೊರಟಾಗ ಅವರ ದುಬಾರಿ ಸೈಕಲ್‌ಗಳೂ ಹೀಗೆಯೇ ಯಾರದೋ ಗಾಡಿಯ ಮೇಲೆ ಹಗ್ಗ ಬಿಗಿಸಿಕೊಂಡು ಹೋಗುತ್ತವೆ. ಅಂತಹ ಸುತ್ತೋಲೆ ಹೊರಡುವುದಾದರೆ ಅದನ್ನು ಕನ್ನಡದಲ್ಲೇ ಹೊರಡಿಸಿ, ಚಿತ್ರಸಹಿತ ಪತ್ರಿಕೆಗಳಿಗೂ ಕೊಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮೆಕ್ಯಾನಿಕಲ್ ಉಪನ್ಯಾಸಕ,
ಚಿಕ್ಕಬಳ್ಳಾಪುರ